ವಾಯುಪಡೆಯ ದಳಪತಿಯೊಬ್ಬರ ಕುರಿತು ಶಾಲೆಯಲ್ಲಿ ಮಾತನಾಡುವ ಬಗೆ: ಅರ್ಜನ್ ಸಿಂಗ್ ಅವರ ನಿದರ್ಶನ

ಅಕ್ಟೋಬರ್ 8ರ ವಾಯುಪಡೆ ದಿನ ಹತ್ತಿರವಾದಂತೆ ಬೈಲಹೊಂಗಲ, ಗೋಕಾಕ, ಹುಕ್ಕೇರಿ ಕಡೆಯ ಪ್ರೌಢಶಾಲೆಗಳಿಂದ ನನ್ನಂಥ ನಿವೃತ್ತ ಇತಿಹಾಸ ಶಿಕ್ಷಕರಿಗೆ ಕರೆ ಬರುವುದುಂಟು. ಯಾರಾದರೊಬ್ಬ ಯುದ್ಧವೀರರ ಬಗ್ಗೆ ಮಕ್ಕಳಿಗೆ ನಲವತ್ತು ನಿಮಿಷ ಮಾತನಾಡಬೇಕು ಎಂಬುದು ಅವರ ಕೋರಿಕೆ. ಅಂಥ ಕರೆಗೆ ಒಪ್ಪಿಕೊಂಡು, ಇನ್ನು ಏನು ಹೇಳಲಿ ಎಂದು ಯೋಚಿಸುತ್ತ ಕುಳಿತಿರುವ ಶಿಕ್ಷಕರು, ಎನ್‌ಸಿಸಿ ಅಧಿಕಾರಿಗಳು ಮತ್ತು ಮಾಜಿ ಸೈನಿಕರಿಗಾಗಿ ಇದನ್ನು ಬರೆದಿದ್ದೇನೆ. ನಿದರ್ಶನಕ್ಕೆ ಮಾರ್ಷಲ್ ಅರ್ಜನ್ ಸಿಂಗ್ ಅವರನ್ನು ಆರಿಸಿಕೊಂಡಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಒಂದೇ ಸ್ಕ್ವಾಡ್ರನ್ನಿನ ದಳಪತಿಯಾಗಿ, 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಇಡೀ ವಾಯುಪಡೆಯ ಮುಖ್ಯಸ್ಥರಾಗಿ ದುಡಿದವರಾದ್ದರಿಂದ ನಾಯಕತ್ವದ ಎರಡು ಬಗೆಗಳನ್ನು ಒಬ್ಬರ ಬಾಳಿನಲ್ಲಿಯೇ ತೋರಿಸಲು ಸಾಧ್ಯವಾಗುತ್ತದೆ.

ಮೊದಲ ಸಲ ನಾನು ಈ ಕೆಲಸವನ್ನು ಕೆಡಿಸಿಕೊಂಡ ಬಗೆಯನ್ನು ಹೇಳಿಬಿಡುತ್ತೇನೆ. ಹುಟ್ಟಿದ ದಿನದಿಂದ ಹಿಡಿದು ಪಡೆದ ಪದಕಗಳ ತನಕ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅರ್ಧ ಗಂಟೆ ಓದಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಅವರ ವಿಮಾನಾ ರಿಪೇರಿ ಮಾಡಾವ್ರು ಯಾರ್ ಇದ್ರರಿ? ನಮ್ಮ ಕಾಕಾ ಸಾಂಬ್ರಾದಾಗ ಟ್ರೇನಿಂಗ್ ಮುಗಿಸ್ಯಾರ, ಈಗ ಅದ ಕೆಲಸಾ ಮಾಡತಾರ" ಎಂದ. ಉತ್ತರ ನನ್ನ ಹಾಳೆಯಲ್ಲಿರಲಿಲ್ಲ. ಪದಕಗಳ ಪಟ್ಟಿಯಿಂದ ಒಬ್ಬ ಮನುಷ್ಯ ದೊಡ್ಡವನೆಂಬುದು ತಿಳಿಯುತ್ತದೆಯೇ ಹೊರತು ಅವನು ತನ್ನ ಕೈಕೆಳಗಿನವರನ್ನು ನಡೆಸಿದ್ದು ಹೇಗೆಂಬುದು ತಿಳಿಯುವುದಿಲ್ಲ. ಆದ್ದರಿಂದ ಈಗ ನಾನು ಜೀವನಚರಿತ್ರೆಯನ್ನು ಬದಿಗಿಟ್ಟು, ಆ ನಾಯಕ ಕೈಗೊಂಡ ಮೂರು ನಾಲ್ಕು ನಿರ್ಧಾರಗಳ ಸುತ್ತ ಇಡೀ ಮಾತನ್ನು ಹೆಣೆಯುತ್ತೇನೆ. ಜನನ (1919ರ ಏಪ್ರಿಲ್ 15, ಲಾಯಲ್‌ಪುರ), ಇಂಗ್ಲೆಂಡಿನ ಕ್ರಾನ್‌ವೆಲ್ ಕಾಲೇಜಿನ ತರಬೇತಿ, 1939ರಲ್ಲಿ ದೊರೆತ ಅಧಿಕಾರಿಪದವಿ ಇವೆಲ್ಲ ಎರಡು ನಿಮಿಷದಲ್ಲಿ ಮುಗಿಯಬೇಕು.

ವಸ್ತಾದನ ಹೋಲಿಕೆ

ಸ್ಕ್ವಾಡ್ರನ್ ಎಂದರೆ ಏನೆಂಬುದನ್ನು ಮಕ್ಕಳಿಗೆ ಮೊದಲೇ ಬಿಡಿಸಿ ಹೇಳಬೇಕು. ಇಂದಿನ ಲೆಕ್ಕದಲ್ಲಿ ಯುದ್ಧವಿಮಾನಗಳ ಒಂದು ಸ್ಕ್ವಾಡ್ರನ್ನಿನಲ್ಲಿ ಸಾಮಾನ್ಯವಾಗಿ ಹದಿನಾರರಿಂದ ಹದಿನೆಂಟು ವಿಮಾನಗಳಿರುತ್ತವೆ. ಅವುಗಳನ್ನು ಹಾರಿಸುವವರಿಗಿಂತ ಹಲವು ಪಟ್ಟು ಹೆಚ್ಚು ಜನ ನೆಲದ ಮೇಲೆ ಎಂಜಿನ್, ಆಯುಧ, ರೇಡಿಯೋ, ಇಂಧನದ ಕೆಲಸದಲ್ಲಿರುತ್ತಾರೆ. ನಮ್ಮ ಕಡೆಯ ಮಕ್ಕಳಿಗೆ ಗರಡಿಮನೆ ಗೊತ್ತಿರುವುದರಿಂದ ನಾನು ವಸ್ತಾದನ ಹೋಲಿಕೆಯನ್ನು ಬಳಸುತ್ತೇನೆ. ಸ್ಕ್ವಾಡ್ರನ್ನಿನ ದಳಪತಿ ತಾನೂ ಕಣಕ್ಕಿಳಿದು ಮಣ್ಣು ಮೆತ್ತಿಕೊಳ್ಳುವ ವಸ್ತಾದ. ಬೆಳಿಗ್ಗೆ ಹುಡುಗರಿಗೆ ಪಟ್ಟು ಹೇಳಿಕೊಟ್ಟವನು ಸಂಜೆ ಅವರ ಮುಂದೆಯೇ ಜೋಡಿ ಹಿಡಿಯಬೇಕು, ಸೋತರೆ ಅವರ ಮುಂದೆಯೇ ಸೋಲಬೇಕು. ವಾಯುಪಡೆಯ ಮುಖ್ಯಸ್ಥನಾದರೋ ಊರಿನ ಜಂಗಿ ನಿಕಾಲಿ ಕುಸ್ತಿಯ ಪೂರ್ಣ ಹೊಣೆ ಹೊತ್ತ ಹಿರಿಯನಂತೆ. ಅವನು ಲಂಗೋಟಿ ಕಟ್ಟುವಂತಿಲ್ಲ. ಯಾರನ್ನು ಯಾರ ಎದುರು ಬಿಡಬೇಕು, ಯಾರನ್ನು ಹಿಂದಕ್ಕೆ ಕರೆಯಬೇಕು ಎಂಬುದಷ್ಟೇ ಅವನ ಕೈಯಲ್ಲಿರುತ್ತದೆ. ಅರ್ಜನ್ ಸಿಂಗ್ 1944ರಲ್ಲಿ ಮೊದಲನೆಯವರು, 1965ರಲ್ಲಿ ಎರಡನೆಯವರು. ಈ ಭೇದ ಮಕ್ಕಳ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸಲೀಸಾಗುತ್ತದೆ.

ಹುದ್ದೆ ಮತ್ತು ಪದವಿಗಳ ಗೊಂದಲವನ್ನೂ ಇಲ್ಲಿಯೇ ನಿವಾರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಭಾಷಣಕಾರರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಸ್ಕ್ವಾಡ್ರನ್ ಲೀಡರ್ ಎಂಬುದು ಒಂದು ಪದವಿ. ಆ ಪದವಿಯವರೆಲ್ಲರೂ ಸ್ಕ್ವಾಡ್ರನ್ನಿನ ದಳಪತಿಗಳಾಗಿರುವುದಿಲ್ಲ. 1944ರಲ್ಲಿ ಅರ್ಜನ್ ಸಿಂಗ್ ಸ್ಕ್ವಾಡ್ರನ್ ಲೀಡರ್ ಪದವಿಯಲ್ಲಿದ್ದು 1ನೇ ಸ್ಕ್ವಾಡ್ರನ್ನಿನ ದಳಪತಿಯಾಗಿದ್ದರು. 1965ರಲ್ಲಿ ಅದೇ ಸ್ಕ್ವಾಡ್ರನ್ನಿನ ದಳಪತಿ ವಿಂಗ್ ಕಮಾಂಡರ್ ಓ. ಪಿ. ತನೇಜಾ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರು (ಇವರ ಕಥೆ ಮುಂದೆ ಬರುತ್ತದೆ) ಅವರ ಕೈಕೆಳಗಿನ ಅಧಿಕಾರಿ. ಹಾಗೆಯೇ 1965ರ ಪ್ರಸಂಗಗಳನ್ನು ಹೇಳುವಾಗ ಅರ್ಜನ್ ಸಿಂಗ್ ಅವರನ್ನು ಏರ್ ಮಾರ್ಷಲ್ ಎಂದೇ ಕರೆಯಬೇಕು. ಏರ್ ಚೀಫ್ ಮಾರ್ಷಲ್ ಪದವಿ ಬಂದದ್ದು 1966ರ ಜನವರಿಯಲ್ಲಿ. ಐದು ನಕ್ಷತ್ರಗಳ ಮಾರ್ಷಲ್ ಆಫ್ ದಿ ಏರ್ ಫೋರ್ಸ್ ಪದವಿ 2002ರಲ್ಲಿ.

ಇಂಫಾಲ: ಕಣಕ್ಕಿಳಿದ ದಳಪತಿ

ಕರಿಹಲಗೆಯ ಮೇಲೆ ಮೊದಲು ಒಂದು ಬಟ್ಟಲು ಬರೆಯಿರಿ. ಅದು ಇಂಫಾಲದ ಬಯಲು, ಸುತ್ತ ಬೆಟ್ಟ. ಬಯಲಿನ ಉದ್ದ ಸುಮಾರಾಗಿ ಬೆಳಗಾವಿಯಿಂದ ಗೋಕಾಕಕ್ಕೆ ಇರುವಷ್ಟು. 1944ರ ಮಾರ್ಚ್‌ನಲ್ಲಿ ಜಪಾನಿನ 15ನೇ ಸೈನ್ಯ ಬರ್ಮಾದ ಕಡೆಯಿಂದ ಬೆಟ್ಟ ದಾಟಿ ಬಂದು, ಆ ತಿಂಗಳ ಕೊನೆಯ ಹೊತ್ತಿಗೆ ಇಂಫಾಲದಿಂದ ಕೊಹಿಮಾಕ್ಕೆ ಹೋಗುವ ರಸ್ತೆಯನ್ನು ಕಡಿದುಹಾಕಿತು. ಆ ರಸ್ತೆ ಮತ್ತೆ ತೆರೆದದ್ದು ಜೂನ್ 22ರಂದು. ನಡುವಿನ ದಿನಗಳಲ್ಲಿ ಬಟ್ಟಲಿನೊಳಗಿದ್ದ ಸೈನ್ಯಕ್ಕೆ ಅನ್ನ, ಮದ್ದುಗುಂಡು, ಔಷಧ ಎಲ್ಲವೂ ಆಕಾಶದಿಂದಲೇ ಬರಬೇಕಾಗಿತ್ತು. ಬಯಲಿನಲ್ಲಿ ಆರು ವಿಮಾನಪಟ್ಟಿಗಳಿದ್ದರೂ ಮಳೆಗಾಲದಲ್ಲಿಯೂ ನಂಬಬಹುದಾದವು ಎರಡೇ: ಇಂಫಾಲ್ ಮೇನ್ ಮತ್ತು ಪಲೇಲ್.

ಆ ವರ್ಷದ ಫೆಬ್ರವರಿಯಲ್ಲಿಯೇ 1ನೇ ಸ್ಕ್ವಾಡ್ರನ್ ಹರಿಕೇನ್ ವಿಮಾನಗಳೊಂದಿಗೆ ಅಲ್ಲಿಗೆ ಬಂದಿತ್ತು. ಮುತ್ತಿಗೆಯ ನಡುವೆ, ಏಪ್ರಿಲ್ 15ರಂದು, ದಳಪತಿಗೆ 25 ವರ್ಷ ತುಂಬಿತು. ಈ ಒಂದು ಸಂಗತಿಯನ್ನು ಹೇಳಿ ಸ್ವಲ್ಪ ಸುಮ್ಮನಿರಿ. ಹತ್ತನೆಯ ತರಗತಿಯ ಮಕ್ಕಳು ತಮ್ಮ ಮನೆಯ ಅಣ್ಣಂದಿರ ವಯಸ್ಸನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಸ್ಕ್ವಾಡ್ರನ್ನಿನ ಮುಖ್ಯ ಕೆಲಸ ವಿಚಕ್ಷಣ ಹಾರಾಟ, ಅಂದರೆ ಕಾಡಿನ ಮೇಲೆ ತೀರ ಕೆಳಗೆ ಹಾರಿ ಶತ್ರುವಿನ ಚಲನವಲನ ನೋಡಿ ಬಂದು ಭೂಸೈನ್ಯಕ್ಕೆ ತಿಳಿಸುವುದು. ನಾಯಕತ್ವವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ವಿಮಾನಗಳು ಜೋಡಿಯಾಗಿ ಹೋಗುತ್ತಿದ್ದವು. ಮುಂದಿನವನ ಕಣ್ಣು ಪೂರ್ತಿ ನೆಲದ ಮೇಲೆ. ಹಿಂದಿನವನು ಅತ್ತಿತ್ತ ತೂಗುತ್ತ ಹಾರಿ, ಮೇಲಿನಿಂದಲೋ ಹಿಂದಿನಿಂದಲೋ ಶತ್ರುವಿಮಾನ ಎರಗದಂತೆ ಕಾಯಬೇಕು. ಮುಂದಿನವನು ದಳಪತಿಯೇ ಆಗಿರಲಿ, ಅವನ ಪ್ರಾಣ ಬೆನ್ನ ಹಿಂದಿನ ಕಿರಿಯ ಪೈಲಟ್‌ನ ಕಣ್ಣಿನಲ್ಲಿರುತ್ತದೆ. ಇಬ್ಬರು ವಿದ್ಯಾರ್ಥಿಗಳನ್ನು ಮುಂದಕ್ಕೆ ಕರೆದು, ಒಬ್ಬನಿಗೆ ನೆಲದ ಮೇಲೆ ಚೆಲ್ಲಿದ ಕಡಲೆಕಾಳು ಎಣಿಸಲು ಹೇಳಿ. ಇನ್ನೊಬ್ಬನಿಗೆ, ಬೇರೆಯವರು ಎಸೆಯುವ ಕಾಗದದ ಉಂಡೆಗಳಿಂದ ಅವನನ್ನು ಕಾಯಲು ಹೇಳಿ. ಎರಡು ನಿಮಿಷದ ಆಟ. ಎಣಿಸುವವನು ಒಮ್ಮೆ ತಲೆಯೆತ್ತಿ ಹಿಂದಕ್ಕೆ ನೋಡಿದರೂ ಎಣಿಕೆ ತಪ್ಪುತ್ತದೆ. ಕಿರಿಯನನ್ನು ನಂಬಿ ತಲೆ ತಗ್ಗಿಸಿ ಕೆಲಸ ಮಾಡುವುದನ್ನು ದಳಪತಿಯೂ ಕಲಿಯಬೇಕಾಗುತ್ತದೆ ಎಂಬುದು ಮಕ್ಕಳಿಗೆ ಆಗ ಹೇಳದೆಯೇ ತಿಳಿಯುತ್ತದೆ. ಕಸ ಗುಡಿಸುವ ಹೊಣೆಯನ್ನು ಮಾತ್ರ ಭಾಷಣಕಾರರೇ ಹೊತ್ತುಕೊಳ್ಳಬೇಕು. ಒಮ್ಮೆ ನಾನು ಹಾಗೆಯೇ ಬಿಟ್ಟು ಬಂದು ಮುಖ್ಯೋಪಾಧ್ಯಾಯರಿಂದ ಮಾತು ಕೇಳಿಸಿಕೊಂಡಿದ್ದೇನೆ.

1944ರ ಜೂನ್‌ನಲ್ಲಿ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಸರ್ವೋಚ್ಚ ದಳಪತಿ ಮೌಂಟ್‌ಬ್ಯಾಟನ್ ಇಂಫಾಲಕ್ಕೆ ಬಂದು ಅರ್ಜನ್ ಸಿಂಗ್ ಅವರ ಎದೆಗೆ ಡಿ.ಎಫ್.ಸಿ. (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ತೊಡಿಸಿದರು. ಪದಕದ ಮಾತು ಇಷ್ಟು ಸಾಕು. ಅದಕ್ಕಿಂತ, ಅವರಿಗಿಂತ ಮೊದಲು ಅದೇ ಸ್ಕ್ವಾಡ್ರನ್ನನ್ನು ನಡೆಸಿದ ಕೆ. ಕೆ. ಮಜುಂದಾರ್ ಅವರ ಹೆಸರು ಹೇಳಿ. 1942ರಲ್ಲಿ ಬರ್ಮಾದಲ್ಲಿ ಮಜುಂದಾರ್ ಅವರ ಹುಡುಗರ ಬಳಿ ಇದ್ದದ್ದು ಲೈಸಾಂಡರ್ ಎಂಬ ನಿಧಾನಗತಿಯ ವಿಮಾನ. ಬಾಂಬ್ ಹಾಕಲೆಂದು ಮಾಡಿದ್ದೇ ಅಲ್ಲ. ಅದಕ್ಕೇ ಬಾಂಬ್ ಕಟ್ಟಿಕೊಂಡು ಹೋಗಿ ಜಪಾನೀಯರ ವಾಯುನೆಲೆಗಳ ಮೇಲೆ ಹಾಕಿ ಬಂದರು. ಯಾವ ದಳಪತಿಯೂ ಬರಿಗೈಯಿಂದ ಆರಂಭಿಸುವುದಿಲ್ಲ, ಹಿಂದಿನವನು ಬಿಟ್ಟುಹೋದ ರೂಢಿಯಿಂದ ಆರಂಭಿಸುತ್ತಾನೆ.

1965: ಒಂದು ಗಂಟೆಯ ಮಾತು ಮತ್ತು ಅದರ ಬೆಲೆ

ಎರಡನೆಯ ಯುದ್ಧಕ್ಕೆ ಬರುವಾಗ ನಡುವಿನ ಇಪ್ಪತ್ತು ವರ್ಷಗಳನ್ನು ಒಂದೇ ವಾಕ್ಯದಲ್ಲಿ ದಾಟಬಹುದು: 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ವಿಮಾನಗಳ ವಂದನಾ ಹಾರಾಟವನ್ನು ನಡೆಸಿಕೊಟ್ಟ ಅಧಿಕಾರಿ, 1964ರ ಆಗಸ್ಟ್ 1ರಂದು 45ನೆಯ ವಯಸ್ಸಿಗೆ ವಾಯುಪಡೆಯ ಮುಖ್ಯಸ್ಥರಾದರು.

1965ರ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಜಮ್ಮುವಿನ ಛಂಬ್ ವಲಯಕ್ಕೆ ನುಗ್ಗಿದವು. ವಾಯುಪಡೆ ಎಷ್ಟು ಹೊತ್ತಿಗೆ ನೆರವಿಗೆ ಬರಬಲ್ಲದು ಎಂದು ರಕ್ಷಣಾ ಸಚಿವ ವೈ. ಬಿ. ಚವ್ಹಾಣ್ ಅವರ ಸಮ್ಮುಖದಲ್ಲಿ ಕೇಳಿದಾಗ ಅರ್ಜನ್ ಸಿಂಗ್ ಒಂದು ಗಂಟೆ ಎಂದರು; ಮೊದಲ ವಿಮಾನಗಳು ಪಠಾಣ್‌ಕೋಟಿನಿಂದ 26 ನಿಮಿಷಗಳಲ್ಲಿ ಮೇಲೆದ್ದವು ಎಂಬುದು ಪ್ರಸಿದ್ಧ ಪ್ರಸಂಗ. ಬಹುಪಾಲು ಭಾಷಣಗಳು ಇಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡು ನಿಲ್ಲುತ್ತವೆ. ನೀವು ನಿಲ್ಲಬೇಡಿ. ಅಂದು ಸಂಜೆ ಹೋದ ವಿಮಾನಗಳಲ್ಲಿ ವ್ಯಾಂಪೈರ್‌ಗಳೂ ಇದ್ದವು. ಅದು 1940ರ ದಶಕದಲ್ಲಿ ರೂಪಿಸಿದ, ಮುಂಭಾಗಕ್ಕೆ ಪ್ಲೈವುಡ್ ಬಳಸಿದ ಮೊದಲ ತಲೆಮಾರಿನ ಜೆಟ್. ಎದುರಿಗೆ ಬಂದದ್ದು ಅದಕ್ಕಿಂತ ಬಹಳ ಮುಂದುವರಿದ ಸೇಬರ್ ವಿಮಾನಗಳು. ನಾಲ್ಕು ವ್ಯಾಂಪೈರ್‌ಗಳು ಅಂದು ಮರಳಲಿಲ್ಲ. ತಡಮಾಡಿದ್ದರೆ ಛಂಬ್‌ನಲ್ಲಿ ಭೂಸೈನ್ಯಕ್ಕೆ ಆಸರೆಯಿರಲಿಲ್ಲ; ಕೂಡಲೇ ಹೋದದ್ದರಿಂದ ಹಳೆಯ ವಿಮಾನಗಳಲ್ಲಿ ಹೋಗಬೇಕಾಯಿತು. ಈ ಇಕ್ಕಟ್ಟನ್ನು ಮಕ್ಕಳ ಮುಂದೆ ಇಟ್ಟು, ಅವರಲ್ಲಿಯೇ ಎರಡು ಗುಂಪು ಮಾಡಿ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿ. ಉತ್ತರ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಗೋಜಿಗೆ ಹೋಗಬೇಡಿ.

ಮುಂದಿನ ಎರಡು ದಿನ ಏನಾಯಿತೆಂಬುದನ್ನು ಹೇಳುವುದು ಮಾತ್ರ ಕಡ್ಡಾಯ. ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ಹಿಂದಕ್ಕೆ ತೆಗೆದರು. ಪುಟ್ಟದಾದರೂ ಚುರುಕಾದ ನ್ಯಾಟ್ ವಿಮಾನಗಳನ್ನು ಪಠಾಣ್‌ಕೋಟಿಗೆ ತಂದರು. ಸೆಪ್ಟೆಂಬರ್ 3ರಂದು ಮಿಸ್ಟೇರ್ ವಿಮಾನಗಳನ್ನು ಎರೆಯಂತೆ ಮೇಲೆ ಹಾರಿಸಿ, ನ್ಯಾಟ್‌ಗಳನ್ನು ರೇಡಾರ್‌ಗೆ ಸಿಗದಷ್ಟು ಕೆಳಗೆ ತಂದು, ಸೇಬರ್‌ಗಳ ಮೇಲೆ ಎರಗಿದರು. ಟ್ರೆವರ್ ಕೀಲರ್ ಅವರಿಗೆ ವೀರಚಕ್ರ ಬಂದದ್ದು ಆ ದಿನದ ಕಾಳಗಕ್ಕೆ. ತಪ್ಪಿನಿಂದ ನಲವತ್ತೆಂಟು ಗಂಟೆಗಳಲ್ಲಿ ಪಾಠ ಕಲಿತ ವ್ಯವಸ್ಥೆ ಇದು. ನನ್ನ ದೃಷ್ಟಿಯಲ್ಲಿ 26 ನಿಮಿಷಗಳಿಗಿಂತ ಈ ನಲವತ್ತೆಂಟು ಗಂಟೆಗಳೇ ದೊಡ್ಡ ಸಾಧನೆ. ಅದರ ಕೀರ್ತಿಯನ್ನೆಲ್ಲ ಮುಖ್ಯಸ್ಥರೊಬ್ಬರಿಗೇ ಕಟ್ಟುವುದು ಮಾತ್ರ ಸಲ್ಲದು. ಉಪಾಯ ಹೂಡಿದವರೂ ಅದನ್ನು ನಡೆಸಿದವರೂ ಪಠಾಣ್‌ಕೋಟಿನ ಪೈಲಟ್‌ಗಳೇ.

ಸೆಪ್ಟೆಂಬರ್ 6ರ ಸಂಜೆಯನ್ನೂ ಮುಚ್ಚಿಡಬಾರದು. ಅಂದು ಪಾಕಿಸ್ತಾನದ ಸೇಬರ್‌ಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದಾಗ ನಮ್ಮ ಹಲವು ವಿಮಾನಗಳು ನೆಲದ ಮೇಲೆ ನಿಂತಲ್ಲಿಯೇ ಉರಿದುಹೋದವು; ಮರುದಿನ ಪಶ್ಚಿಮ ಬಂಗಾಳದ ಕಲೈಕುಂಡ ವಾಯುನೆಲೆಯಲ್ಲಿಯೂ ಅಂಥದೇ ಹಾನಿಯಾಯಿತು. ಸೋಲಿನ ಮಾತು ಮಕ್ಕಳ ಉತ್ಸಾಹ ಕುಗ್ಗಿಸೀತೆಂದು ಕೆಲವು ಶಿಕ್ಷಕರು ಆಕ್ಷೇಪಿಸುತ್ತಾರೆ. ನನ್ನ ಅನುಭವದಲ್ಲಿ ಮಕ್ಕಳು ಈ ಭಾಗದಲ್ಲಿಯೇ ಮುಂದಕ್ಕೆ ಬಾಗಿ ಕೇಳುತ್ತಾರೆ.

ಬಾಳಪ್ಪನ ಗುಂಡು, ಚೆನ್ನಮ್ಮನ ಪಡೆ

ಒಬ್ಬನ ಸಾಹಸವನ್ನೂ ದಳಪತಿಯ ನಾಯಕತ್ವವನ್ನೂ ಬೇರ್ಪಡಿಸಿ ತೋರಿಸಲು ನಮ್ಮ ಜಿಲ್ಲೆಯ ಮಕ್ಕಳಿಗೆ ದೂರದ ಉದಾಹರಣೆ ಬೇಕಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ಗುಂಡು ಅಮಟೂರ ಬಾಳಪ್ಪನದೆಂದು ಅವರು ಲಾವಣಿಗಳಲ್ಲಿ ಕೇಳಿರುತ್ತಾರೆ. ಆದರೂ ಆ ದಿನ ರಾಣಿ ಚೆನ್ನಮ್ಮನ ಹೆಸರಿನಲ್ಲಿಯೇ ನಿಂತಿದೆ, ಏಕೆಂದರೆ ಬಾಳಪ್ಪನಂಥವರು ಒಂದೆಡೆ ಸೇರಿ ನಿಲ್ಲುವ ಪಡೆಯನ್ನು ಕಟ್ಟಿದವಳು ಅವಳು. ಇದನ್ನು ಹೇಳಿದ ಮೇಲೆ ಪಾಕಿಸ್ತಾನದ ಸರ್ಗೋಧಾಕ್ಕೆ ಹೋಗಿ.

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ತನೇಜಾ ಅವರು 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳನ್ನು ಆದಂಪುರದಿಂದ ಸರ್ಗೋಧಾ ವಾಯುನೆಲೆಯ ಮೇಲೆ ಕರೆದೊಯ್ದರು. ನೇರ ಗೆರೆಯಲ್ಲಿ ಸುಮಾರು 300 ಕಿಲೋಮೀಟರ್, ಅಂದರೆ ಬೆಳಗಾವಿ ಮತ್ತು ಹುಬ್ಬಳ್ಳಿಯ ನಡುವಿನ ದಾರಿಯ ಮೂರು ಪಟ್ಟು. ಅದೂ ಕತ್ತಲಲ್ಲಿ, ನೆಲಕ್ಕೆ ತಾಗುವಂತೆ ಕೆಳಗೆ ಹಾರುತ್ತ. ಹೋಗಿ ಬರಲು ಇಂಧನ ಅಳತೆಗೆ ಸರಿಯಾಗಿತ್ತು, ದಾರಿಯಲ್ಲಿ ಕಾಳಗಕ್ಕೆ ನಿಂತರೆ ಮರಳುವುದು ಕಷ್ಟ. ಕೊಡಗಿನ ಅಜ್ಜಮಾಡ ಬೊಪ್ಪಯ್ಯ ದೇವಯ್ಯ ಅಂದು ಮೀಸಲು ಪೈಲಟ್. ಒಂದು ವಿಮಾನ ಹಿಂದೆ ಉಳಿದದ್ದರಿಂದ ಅವರು ಸೇರಿಕೊಂಡರು. ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಎದುರಾದಾಗ ಓಡದೆ ತಿರುಗಿ ಬಿದ್ದು ಅದನ್ನು ಕೆಡವಿದರು, ತಾವೂ ಮರಳಲಿಲ್ಲ. ಅದನ್ನು ಕಂಡವರು ನಮ್ಮ ಕಡೆ ಯಾರೂ ಇರಲಿಲ್ಲ. ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್‌ನಿಂದ ಎಂಬ ಸಂಗತಿ ಪಾಕಿಸ್ತಾನದ ಕಡೆಯ ವಿವರಗಳಿಂದ ಹೊರಬಂದು, 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ದೊರೆಯಿತು.

ದೇವಯ್ಯ ಕನ್ನಡ ನಾಡಿನವರಾದ್ದರಿಂದ ಇಡೀ ಮಾತು ಅವರ ಕಡೆಗೇ ಹರಿದುಬಿಡುವ ಅಪಾಯವಿದೆ. ಹರಿಯಲಿ, ಆದರೆ ಐದು ನಿಮಿಷ ಮಾತ್ರ. ಅವರ ಕಥೆಯನ್ನು ದಳದ ಕಥೆಗೆ ಕಟ್ಟಿಹಾಕುವ ಗಂಟು ಒಂದೇ: ಅದು ಇಂಫಾಲದಲ್ಲಿ ಅರ್ಜನ್ ಸಿಂಗ್ ನಡೆಸಿದ ಸ್ಕ್ವಾಡ್ರನ್. ಇದೇ ಕಾರಣಕ್ಕೆ, ಸೆರೆಸಿಕ್ಕ ಮಗನಿಗೆ ವಿಶೇಷ ಬಿಡುಗಡೆ ಬೇಡವೆಂದ ಕಾರ್ಯಪ್ಪನವರ ಜನಪ್ರಿಯ ಪ್ರಸಂಗವನ್ನು ಈ ಭಾಷಣದಲ್ಲಿ ತರಬೇಡಿ. ಅದು ತಂದೆಯೊಬ್ಬನ ನಿಷ್ಠೆಯ ಕಥೆ, ಬೇರೆ ದಿನಕ್ಕೆ ಇರಲಿ.

ಅಂಕಿಗಳ ವಿಷಯದಲ್ಲಿ ಎಚ್ಚರ

ಯಾರು ಎಷ್ಟು ವಿಮಾನ ಉರುಳಿಸಿದರು ಎಂಬುದು ಮಕ್ಕಳ ಮೊದಲ ಪ್ರಶ್ನೆ. 1965ರ ಬಗ್ಗೆ ಎರಡೂ ದೇಶಗಳ ಲೆಕ್ಕ ಇಂದಿಗೂ ಕೂಡುವುದಿಲ್ಲ. ಗಂಟೆಗೆ ಎಂಟುನೂರು ಕಿಲೋಮೀಟರ್ ವೇಗದಲ್ಲಿ ಹೊಗೆ ಉಗುಳುತ್ತ ಕೆಳಗಿಳಿದ ವಿಮಾನ ಬಿತ್ತೋ, ಹೇಗೋ ತನ್ನ ನೆಲೆ ಸೇರಿತೋ ಎಂಬುದು ಹೊಡೆದವನಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಸಂಖ್ಯೆ ಹೇಳಬೇಕಾಗಿ ಬಂದರೆ ಅದು ಯಾರ ಲೆಕ್ಕ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ. ದೇವಯ್ಯನವರ ಸಾಹಸ ಎದುರಾಳಿಯ ಕಡೆಯ ವಿವರಗಳಿಂದಲೇ ಬೆಳಕಿಗೆ ಬಂತು ಎಂಬುದನ್ನು ಇಲ್ಲಿ ಮತ್ತೊಮ್ಮೆ ನೆನಪಿಸಬಹುದು.

ಉಳಿದುಬಂದದ್ದನ್ನು ಎಲ್ಲಿ ತೋರಿಸಬೇಕು

ಪಶ್ಚಿಮ ಬಂಗಾಳದ ಪನಾಗಢ ವಾಯುನೆಲೆಗೆ 2016ರಲ್ಲಿ ಅರ್ಜನ್ ಸಿಂಗ್ ಅವರ ಹೆಸರಿಟ್ಟರು. ಹೆಸರು ಫಲಕದ ಮೇಲಿರುತ್ತದೆ. ಕೆಲಸವನ್ನು ಹುಡುಕಬೇಕಾದದ್ದು ಬೇರೆ ಕಡೆ. ಪಠಾಣ್‌ಕೋಟಿನ ಉರಿಯ ನಂತರ ವಾಯುನೆಲೆಗಳಲ್ಲಿ ವಿಮಾನಗಳನ್ನು ಚದುರಿಸಿ ನಿಲ್ಲಿಸುವ ಪದ್ಧತಿ ಬಿಗಿಯಾಯಿತು, ದಪ್ಪ ಗೋಡೆಗಳ ರಕ್ಷಣಾಗೂಡುಗಳನ್ನು ಕಟ್ಟಿದರು. ಅರ್ಜನ್ ಸಿಂಗ್ 1969ರ ಜುಲೈನಲ್ಲಿ, ಐವತ್ತನೆಯ ವಯಸ್ಸಿಗೆ, ನಿವೃತ್ತರಾದರು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಮತ್ತೆ ನಮ್ಮ ವಾಯುನೆಲೆಗಳ ಮೇಲೆ ಎರಗಿದಾಗ ಹಿಂದಿನಂಥ ಹಾನಿ ಆಗಲಿಲ್ಲ. ಆಗ ಮುಖ್ಯಸ್ಥರಾಗಿದ್ದವರು ಪಿ. ಸಿ. ಲಾಲ್, 1965ರಲ್ಲಿ ಅವರು ಅರ್ಜನ್ ಸಿಂಗ್ ಅವರ ಉಪಮುಖ್ಯಸ್ಥರು. ಹಲಗೆಯ ಮೇಲೆ ಎರಡು ಸಂಜೆಗಳನ್ನು ಅಕ್ಕಪಕ್ಕ ಬರೆದು ನಡುವೆ ಒಂದು ಗೋಡೆಯ ಚಿತ್ರ ಬಿಡಿಸಿದರೆ, ಪರಂಪರೆ ಎಂಬ ದೊಡ್ಡ ಪದವನ್ನು ಬಳಸುವ ಅಗತ್ಯವೇ ಬೀಳುವುದಿಲ್ಲ.

ನಿವೃತ್ತಿಯ ನಂತರ ಅವರು ಸ್ವಿಟ್ಜರ್ಲೆಂಡಿನಲ್ಲಿ ರಾಯಭಾರಿ, ಕೀನ್ಯಾದಲ್ಲಿ ಹೈಕಮಿಷನರ್, ದೆಹಲಿಯಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದರು. ಇವನ್ನು ಒಂದು ಉಸಿರಿನಲ್ಲಿ ಮುಗಿಸಿ, ವಾಯುಪಡೆಯ ನಿವೃತ್ತ ಸಿಬ್ಬಂದಿಯ ನೆರವಿಗಾಗಿ ತಮ್ಮ ಸ್ವಂತ ಹಣದಿಂದ ಒಂದು ನಿಧಿ ಸ್ಥಾಪಿಸಿದ್ದನ್ನು ನಿಧಾನವಾಗಿ ಹೇಳಿ. ಆ ಹುಡುಗನ ಕಾಕಾನಂಥವರು ಈ ಕಥೆಯೊಳಗೆ ಬರುವುದು ಇಲ್ಲಿಯೇ. 2015ರ ಜುಲೈನಲ್ಲಿ, 96ನೆಯ ವಯಸ್ಸಿನಲ್ಲಿ, ಅಬ್ದುಲ್ ಕಲಾಂ ಅವರ ಪಾರ್ಥಿವ ಶರೀರದ ಮುಂದೆ ಗಾಲಿಕುರ್ಚಿಯಿಂದ ಎದ್ದು ನಿಂತು ಸೆಲ್ಯೂಟ್ ಮಾಡಿದ ಚಿತ್ರವನ್ನು ತೋರಿಸಬಹುದು. ಆದರೆ ಭಾಷಣದ ಆರಂಭದಲ್ಲಿಯೇ ತೋರಿಸಿದರೆ ಮಕ್ಕಳು ವೃದ್ಧರೊಬ್ಬರನ್ನು ನೆನಪಿಟ್ಟುಕೊಳ್ಳುತ್ತಾರೆ, ಇಂಫಾಲದ ಇಪ್ಪತ್ತೈದರ ತರುಣನನ್ನು ಮರೆಯುತ್ತಾರೆ. ಅವರು ತೀರಿಕೊಂಡದ್ದು 2017ರ ಸೆಪ್ಟೆಂಬರ್ 16ರಂದು.

ಇನ್ನು ವ್ಯವಸ್ಥೆಯ ಮಾತು. ಬೆಳಗಾವಿ ತಾಲ್ಲೂಕಿನವರಾದರೆ ಸಾಂಬ್ರಾದ ಏರ್‌ಮನ್ ತರಬೇತಿ ಶಾಲೆಯಲ್ಲಿ ಕಲಿತು ನಿವೃತ್ತರಾದವರೊಬ್ಬರು ನಿಮ್ಮ ಊರಿನಲ್ಲಿಯೇ ಇರುವ ಸಾಧ್ಯತೆಯಿದೆ. ವಿಜಯಪುರದವರು 1963ರಲ್ಲಿ ಆರಂಭವಾದ ಅಲ್ಲಿನ ಸೈನಿಕ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಬಹುದು. ಅವರನ್ನು ಹದಿನೈದು ದಿನ ಮೊದಲೇ ಭೇಟಿಯಾಗಿ, ಯುದ್ಧದ ಬಗ್ಗೆ ಕೇಳುವ ಬದಲು, ಒಂದು ವಿಮಾನ ಇಳಿದ ಮೇಲೆ ಮತ್ತೆ ಹಾರುವ ಮುನ್ನ ಯಾರು ಯಾರು ಏನೇನು ನೋಡಿ ಸಹಿ ಹಾಕಬೇಕು ಎಂದು ಕೇಳಿ. ಭಾಷಣದಲ್ಲಿ ಅವರಿಗೆ ಎಂಟು ನಿಮಿಷ ಬಿಟ್ಟುಕೊಡಿ. ವಾಯುನೆಲೆಯೊಳಗೆ ಮಕ್ಕಳನ್ನು ಕರೆದೊಯ್ಯಲು ಲಿಖಿತ ಅನುಮತಿ ಬೇಕು, ಒಳಗೆ ಫೋಟೋ ತೆಗೆಯುವಂತಿಲ್ಲ. ಪ್ರೊಜೆಕ್ಟರ್ ಇದ್ದರೂ ಸುಣ್ಣದಕಡ್ಡಿ ಜೇಬಿನಲ್ಲಿರಲಿ; ಅಕ್ಟೋಬರ್‌ನ ಮಳೆಯಲ್ಲಿ ಹಳ್ಳಿ ಶಾಲೆಯ ವಿದ್ಯುತ್ತನ್ನು ನಂಬಿ ಎರಡು ಸಲ ಕೆಟ್ಟಿದ್ದೇನೆ. ಕೊನೆಯ ಹತ್ತು ನಿಮಿಷ ಮಕ್ಕಳ ಪ್ರಶ್ನೆಗಳಿಗೇ ಮೀಸಲು. ಮರಳದ ನಾಲ್ಕು ವ್ಯಾಂಪೈರ್‌ಗಳಲ್ಲಿ ಇದ್ದವರು ಯಾರು ಎಂದು ಒಬ್ಬರಾದರೂ ಕೇಳುತ್ತಾರೆ. ಆ ಹೆಸರುಗಳನ್ನು ಮೊದಲೇ ಹುಡುಕಿ, ಸರಿಯಾಗಿ ಉಚ್ಚರಿಸಲು ಕಲಿತು, ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಂಡು ಹೋಗಿ.